ಎಕ್ಸ್-ರೇಯಲ್ಲಿ ಮೂಳೆ ಕಪ್ಪಗೆ ಕಂಡರೆ ಆಸ್ಟಿಯೊಪೊರೋಸಿಸ್ ಎಂದು ಬರೆದುಬಿಡಬಹುದೇ?

ಮಣಿಸರ:

ಬೆನ್ನಿನ ಲ್ಯಾಟರಲ್ (ಪಕ್ಕದಿಂದ ತೆಗೆದ) ಎಕ್ಸ್-ರೇಯಲ್ಲಿ ಮೂಳೆ ಸ್ವಲ್ಪ ಕಪ್ಪಗಿದ್ದು, ರೋಗಿಯ ವಯಸ್ಸು ಅರವತ್ತರ ಮೇಲಿದ್ದರೆ ರಿಪೋರ್ಟಿನಲ್ಲಿ ‘ಆಸ್ಟಿಯೊಪೊರೋಟಿಕ್ ಬದಲಾವಣೆಗಳಿವೆ’ (ಅಂದರೆ ಮೂಳೆ ಸವೆದಿದೆ) ಎಂಬ ಸಾಲು ತಾನಾಗಿ ಬಂದು ಕೂರುತ್ತದೆ. ಅದೇ ಕಪ್ಪು ಆಸ್ಟಿಯೊಮಲೇಸಿಯಾದಲ್ಲೂ (ಖನಿಜ ಕೂಡದೆ ಮೂಳೆ ಮೆತ್ತಗಾಗುವುದು) ಬರುತ್ತದೆ, ಹೈಪರ್‌ಪ್ಯಾರಾಥೈರಾಯ್ಡಿಸಂನಲ್ಲೂ (ಪ್ಯಾರಾಥೈರಾಯ್ಡ್ ಹಾರ್ಮೋನ್, ಅಂದರೆ ಪಿಟಿಎಚ್ ಹೆಚ್ಚಾಗುವುದು) ಬರುತ್ತದೆ, ಮೈಲೋಮಾದಲ್ಲೂ (ಮಜ್ಜೆಯ ಕ್ಯಾನ್ಸರ್) ಬರುತ್ತದೆ. ಚಿಕಿತ್ಸೆ ಮಾತ್ರ ನಾಲ್ಕಕ್ಕೂ ಬೇರೆ.

ಚರ್ಚೆಗೆ ಒಂದು ಫಿಲ್ಮ್ ಇಟ್ಟುಕೊಳ್ಳೋಣ. 62ರ ಮಹಿಳೆ, ಬೆನ್ನುನೋವು. ಡಿ12ರ (ಡಾರ್ಸಲ್, ಅಂದರೆ ಎದೆಭಾಗದ ಹನ್ನೆರಡನೇ ಬೆನ್ನುಮಣಿ; ಎಲ್ ಎಂದರೆ ಲಂಬಾರ್, ಸೊಂಟದ ಮಣಿ) ಮುಂಭಾಗದ ಎತ್ತರ 19 ಮಿ.ಮೀ., ಹಿಂಭಾಗದ್ದು 27 ಮಿ.ಮೀ. ಅಕ್ಕಪಕ್ಕದ ಮಣಿಗಳ ಎತ್ತರ ಸರಿಯಿದೆ. ಒಟ್ಟಾರೆ ಮೂಳೆ ಕಪ್ಪಗಿದೆ. ಪೆಲ್ವಿಸ್ ಎಪಿ (ಸೊಂಟದ ಮೂಳೆಯ ನೇರ ನೋಟದ) ಫಿಲ್ಮ್ ಕೂಡ ತೆಗೆದಿದ್ದಾರೆ, ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್) ಆಗಿಲ್ಲ. ಈ ಕಪ್ಪು ನಿಜವೋ ಎಕ್ಸ್‌ಪೋಷರ್‌ನ ಆಟವೋ ಎಂದು ತಿಳಿಯುವುದು ಹೇಗೆ? ಡಿ12ರದ್ದು ನಿಜವಾದ ಕುಸಿತವೇ? ಮೇಲಿನ ಕಾಯಿಲೆಗಳನ್ನು ಸಾದಾ ಫಿಲ್ಮಿನಲ್ಲೇ ಬೇರ್ಪಡಿಸಲು ಯಾವ ಯಾವ ಜಾಗ ನೋಡಬೇಕು?

ಲೆಡ್‌ಏಪ್ರನ್:

ಮೊದಲ ಪ್ರಶ್ನೆಗೆ ಟೆಕ್ನಿಕ್ ಕಡೆಯಿಂದ ಉತ್ತರ: ಕಪ್ಪನ್ನು ನಂಬಬೇಡಿ. ಮೂಳೆಯ ಖನಿಜದಲ್ಲಿ ಸುಮಾರು 30ರಿಂದ 50% ಹೋಗುವ ತನಕ ಸಾದಾ ಎಕ್ಸ್-ರೇಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ‘ಮೂಳೆಯ ಸಾಂದ್ರತೆ ಸರಿಯಿದೆ’ ಎಂದು ಬರೆಯುವುದೂ ಅಷ್ಟೇ ಅಪಾಯ. ಇತ್ತ ಕೆವಿ (ಟ್ಯೂಬಿನ ವೋಲ್ಟೇಜ್) ಜಾಸ್ತಿ ಕೊಟ್ಟರೆ ಗಟ್ಟಿ ಮೂಳೆಯೂ ಬೂದಾಗುತ್ತದೆ. ದಪ್ಪ ದೇಹದಲ್ಲಿ ಸ್ಕ್ಯಾಟರ್ (ಚದುರಿದ ಕಿರಣ) ಹೆಚ್ಚಿ ಟ್ರಾಬೆಕ್ಯುಲಾ (ಮೂಳೆಯೊಳಗಿನ ಜಾಲರಿ) ಗೆರೆಗಳು ಮಸುಕಾಗುತ್ತವೆ. ಅದನ್ನೇ ಆಸ್ಟಿಯೊಮಲೇಸಿಯಾ ಎಂದುಕೊಳ್ಳುವ ಸಾಧ್ಯತೆ ಇದೆ. ಸಿಆರ್, ಡಿಆರ್ ಎಂಬ ಡಿಜಿಟಲ್ ವ್ಯವಸ್ಥೆಗಳು ಬಂದ ಮೇಲಂತೂ ಯಂತ್ರವೇ ಹಿಸ್ಟೊಗ್ರಾಂ ಲೆಕ್ಕಹಾಕಿ ಚಿತ್ರದ ಹೊಳಪು ಹೊಂದಿಸಿ ಕೊಡುತ್ತದೆ. ಪರದೆಯಲ್ಲಿ ವಿಂಡೋ ಎಳೆದರೆ ಯಾವ ಮೂಳೆಯನ್ನೂ ಕಪ್ಪು ಮಾಡಬಹುದು, ಬಿಳಿಯನ್ನೂ ಮಾಡಬಹುದು. ಎರಡು ಆಸ್ಪತ್ರೆಗಳ ಎರಡು ಫಿಲ್ಮ್ ಪಕ್ಕಪಕ್ಕ ಇಟ್ಟು ‘ಮೂಳೆ ಇನ್ನಷ್ಟು ಸವೆದಿದೆ’ ಎಂದು ಹೇಳುವುದಕ್ಕೆ ಆಧಾರವೇ ಇಲ್ಲ.

ಅದೇ ಚಿತ್ರದೊಳಗಿನ ಹೋಲಿಕೆ ಸ್ವಲ್ಪ ನೆರವಾಗುತ್ತದೆ. ಮಣಿಯ ದೇಹದ ಒಳಭಾಗ ಪಕ್ಕದ ಡಿಸ್ಕ್‌ನಷ್ಟೇ ಕಪ್ಪಾಗಿದ್ದು, ಸುತ್ತಲಿನ ಕಾರ್ಟೆಕ್ಸ್ (ಗಟ್ಟಿ ಹೊರಪದರ) ಮಾತ್ರ ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ ಎದ್ದು ಕಂಡರೆ ಅದು ಎಕ್ಸ್‌ಪೋಷರ್‌ನಿಂದ ಆಗಿದ್ದಲ್ಲ.

ಅಳತೆ ತೆಗೆಯುವ ಮುಂಚೆ ಪೊಸಿಷನಿಂಗ್ ಪರೀಕ್ಷಿಸಿ. ಡಾರ್ಸಲ್ ಲ್ಯಾಟರಲ್‌ಗೆ ಸೆಂಟರಿಂಗ್ ಡಿ7 ಹತ್ತಿರ, ಲಂಬಾರ್‌ಗೆ ಎಲ್3. ಟ್ಯೂಬಿನ ದೂರ 100 ಸೆಂ.ಮೀ. ರೋಗಿ ಮಗ್ಗುಲಾಗಿ ಮಲಗಿದಾಗ ಸೊಂಟದ ಭಾಗ ಟೇಬಲ್ ಕಡೆಗೆ ಜೋಲುತ್ತದೆ. ಅಲ್ಲಿ ಎಕ್ಸ್-ರೇಗೆ ಕಾಣದ ಫೋಮ್ ಪ್ಯಾಡ್ ಇಟ್ಟು ಬೆನ್ನೆಲುಬನ್ನು ಟೇಬಲ್‌ಗೆ ಸಮಾನಾಂತರ ಮಾಡದಿದ್ದರೆ ಕಿರಣ ಓರೆಯಾಗಿ ಹಾಯುತ್ತದೆ. ಆಗ ಒಂದೇ ಎಂಡ್‌ಪ್ಲೇಟ್‌ನ (ಮಣಿಯ ಮೇಲಿನ ಅಥವಾ ಕೆಳಗಿನ ತಟ್ಟೆ) ಎಡ ಬಲ ಅಂಚುಗಳು ಎರಡು ಗೆರೆಗಳಾಗಿ ಬಿದ್ದು, ನಡುವೆ ತಗ್ಗಿದಂತೆ ಕಾಣುತ್ತದೆ. ಇಲ್ಲದ ಕುಸಿತ ಹುಟ್ಟುವುದು ಹೀಗೆ. ಸ್ಕೋಲಿಯೋಸಿಸ್ (ಬೆನ್ನೆಲುಬು ಪಕ್ಕಕ್ಕೆ ಬಾಗಿರುವುದು) ಇದ್ದವರಲ್ಲಿ ಇದು ತಪ್ಪಿದ್ದಲ್ಲ, ಚಿತ್ರದ ಅಂಚಿನ ಮಣಿಗಳಲ್ಲೂ ಅಷ್ಟೆ. ನಿಮ್ಮ ಫಿಲ್ಮಿನಲ್ಲಿ ಡಿ12 ಎಲ್ಲಿದೆ ನೋಡಿ. ಡಾರ್ಸಲ್ ಫಿಲ್ಮಿನ ಕೆಳತುದಿಯಲ್ಲಿದ್ದರೆ ಅಲ್ಲಿ ಅಳೆಯಬೇಡಿ; ಲಂಬಾರ್ ಫಿಲ್ಮಿನಲ್ಲಿ ಅದೇ ಮಣಿ ಹೇಗಿದೆ ಎಂದು ತಾಳೆ ನೋಡಿ, ಬೇಕಿದ್ದರೆ ಡಿ12–ಎಲ್1ಕ್ಕೆ ಸೆಂಟರ್ ಮಾಡಿ ಒಂದು ಕೋನ್ಡ್ (ಆ ಜಾಗಕ್ಕಷ್ಟೇ ಸೀಮಿತವಾದ) ಫಿಲ್ಮ್ ತೆಗೆಸಿ.

ಡಾರ್ಸಲ್‌ನಲ್ಲಿ ಪಕ್ಕೆಲುಬು ಅಡ್ಡಬರುತ್ತಿದ್ದರೆ ಎಂಎ (ಟ್ಯೂಬಿನ ಕರೆಂಟ್) ಇಳಿಸಿ ಎಕ್ಸ್‌ಪೋಷರ್ ಸಮಯವನ್ನು 2–3 ಸೆಕೆಂಡಿಗೆ ಹಿಗ್ಗಿಸಿ, ಮೆಲ್ಲಗೆ ಉಸಿರಾಡುತ್ತಿರಲು ಹೇಳಿ. ಪಕ್ಕೆಲುಬು ಅಲುಗಾಡಿ ಅಳಿಸಿಹೋಗುತ್ತದೆ, ಮಣಿ ಉಳಿಯುತ್ತದೆ. ನೋವಿನಿಂದ ಮೈ ಅಲುಗಿಸುವ ರೋಗಿಗೆ ಇದು ಒಗ್ಗುವುದಿಲ್ಲ.

ಕಪ್ಪುಬಿಳುಪು:

ಮೇಲಿನವರು ಹೇಳಿದ್ದಕ್ಕೆ ಮುಂದುವರಿಕೆ. ಕಪ್ಪು ಎಷ್ಟು ಎಂಬುದನ್ನು ಬಿಟ್ಟು, ಗೆರೆ ಹೇಗಿದೆ, ಅಂಚು ಹೇಗಿದೆ ಎಂದು ಕೇಳಿಕೊಳ್ಳಿ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯ ಪ್ರಮಾಣ ಕಡಿಮೆ, ಆದರೆ ಉಳಿದ ಮೂಳೆಗೆ ಖನಿಜ ಸರಿಯಾಗಿ ಕೂಡಿದೆ. ಹಾಗಾಗಿ ಉಳಿದ ಗೆರೆಗಳು ಚೂಪಾಗಿರುತ್ತವೆ. ಆಸ್ಟಿಯೊಮಲೇಸಿಯಾದಲ್ಲಿ ಟ್ರಾಬೆಕ್ಯುಲಾಗಳ ಮೇಲೆ ಖನಿಜ ಕೂಡದ ಆಸ್ಟಿಯಾಯ್ಡ್ ಪದರ ಇರುವುದರಿಂದ ಗೆರೆಗಳ ಅಂಚು ಕಲಸಿಹೋಗಿರುತ್ತದೆ, ರಬ್ಬರಿನಿಂದ ಅರ್ಧ ಅಳಿಸಿದ ಹಾಗೆ. ಹೈಪರ್‌ಪ್ಯಾರಾಥೈರಾಯ್ಡಿಸಂನಲ್ಲಿ ಆಸ್ಟಿಯೊಕ್ಲಾಸ್ಟ್‌ಗಳು ಮೂಳೆಯ ಮೇಲ್ಮೈಯನ್ನೇ ತಿನ್ನುವುದರಿಂದ ಅಂಚು ಕೊರೆದಂತಾಗುತ್ತದೆ. ಉಳಿದ ಚಿಹ್ನೆಗಳೆಲ್ಲ ಈ ಮೂರರಿಂದಲೇ ಹುಟ್ಟುತ್ತವೆ.

ಬೆನ್ನೆಲುಬಿನಲ್ಲಿ ಮೊದಲು ಹೋಗುವುದು ಅಡ್ಡ ಟ್ರಾಬೆಕ್ಯುಲಾಗಳು. ಭಾರ ಹೊರುವ ಲಂಬ ಗೆರೆಗಳು ಉಳಿದು, ಇನ್ನಷ್ಟು ದಪ್ಪವಾಗಿ ಕಾಣುತ್ತವೆ. ಇಂಥ ಲಂಬ ಗೆರೆಗಳು ಒಂದೇ ಮಣಿಯಲ್ಲಿದ್ದರೆ ಹೆಮಾಂಜಿಯೋಮಾ (ರಕ್ತನಾಳಗಳ ನಿರುಪದ್ರವಿ ಗಡ್ಡೆ) ಯೋಚಿಸಿ. ಆಸ್ಟಿಯೊಪೊರೋಸಿಸ್ ಆದರೆ ಎಲ್ಲ ಮಣಿಗಳಲ್ಲೂ ಹರಡಿರುತ್ತದೆ. ಇನ್ನೂ ಮುಂದುವರಿದರೆ ಒಳಗೆ ಏನೂ ಉಳಿಯದೆ ಮಣಿ ಖಾಲಿ ಪೆಟ್ಟಿಗೆಯಾಗುತ್ತದೆ.

ಇನ್ನು ನಿಮ್ಮ ಡಿ12. ಮಣಿಯ ಕುಸಿತ ಅಳೆಯುವ ಜೆನಾಂಟ್ ವಿಧಾನದಲ್ಲಿ ಎತ್ತರ 20–25% ಕಡಿಮೆಯಾಗಿದ್ದರೆ ಗ್ರೇಡ್ 1, 25–40% ಆದರೆ ಗ್ರೇಡ್ 2, 40% ದಾಟಿದರೆ ಗ್ರೇಡ್ 3. 27ರಲ್ಲಿ 8 ಮಿ.ಮೀ. ಹೋಗಿದೆ, ಅಂದರೆ ಸುಮಾರು 30%. ಗ್ರೇಡ್ 2, ಆಕಾರ ವೆಡ್ಜ್ (ಬೆಣೆಯಂತೆ ಮುಂದೆ ಗಿಡ್ಡ). ಅನುಪಾತ ಆದ್ದರಿಂದ ಮ್ಯಾಗ್ನಿಫಿಕೇಶನ್ ಅಡ್ಡಿ ಮಾಡುವುದಿಲ್ಲ. ಆದರೆ ಹಿಂಭಾಗವೂ ಕುಸಿದಿದ್ದರೆ ಅದೇ ಮಣಿಯ ಹಿಂಭಾಗಕ್ಕೆ ಹೋಲಿಸಿ ಪ್ರಯೋಜನವಿಲ್ಲ, ಮೇಲಿನ ಕೆಳಗಿನ ಮಣಿಗಳಿಗೆ ಹೋಲಿಸಬೇಕು. ಡಿ11ರಿಂದ ಎಲ್1ರವರೆಗೆ ಸಹಜವಾಗಿಯೇ ಮುಂಭಾಗ ಕೊಂಚ ಗಿಡ್ಡ ಎಂಬುದೂ ನೆನಪಿರಲಿ. ಹಾಗಾಗಿ ಗ್ರೇಡ್ 1ರ ಆಸುಪಾಸಿನಲ್ಲಿ ಬರೀ ಎತ್ತರ ನೋಡಿ ತೀರ್ಮಾನಿಸಬಾರದು, ಎಂಡ್‌ಪ್ಲೇಟ್ ಮುರಿದು ತಗ್ಗಿದೆಯೇ ಎಂದು ಹುಡುಕಬೇಕು. ಎಂಡ್‌ಪ್ಲೇಟ್ ನೇರವಾಗಿ, ಅಖಂಡವಾಗಿ ಇದ್ದು ಎತ್ತರ ಮಾತ್ರ ಕಡಿಮೆ ಇದ್ದರೆ ಅದು ಹೆಚ್ಚಾಗಿ ಹಳೆಯ ಬೆಳವಣಿಗೆಯ ವ್ಯತ್ಯಾಸ. ಹದಿಹರೆಯದಲ್ಲಿ ಶುರುವಾಗುವ ಶೋಯರ್‌ಮನ್ ಕಾಯಿಲೆಯಲ್ಲಿ ಸಾಲಾಗಿ ಮೂರು ಮಣಿಗಳು ತಲಾ 5 ಡಿಗ್ರಿ ಅಥವಾ ಹೆಚ್ಚು ವೆಡ್ಜ್ ಆಗಿ, ಎಂಡ್‌ಪ್ಲೇಟ್ ಅಲೆಅಲೆಯಾಗಿರುತ್ತದೆ, ಮುಂದೆ-ಹಿಂದಿನ ಅಗಲ ಹಿಗ್ಗಿರುತ್ತದೆ. ಎಲ್3ರಿಂದ ಎಲ್5ರ ಕೆಳ ಎಂಡ್‌ಪ್ಲೇಟ್‌ನ ಹಿಂದಿನ ಮೂರನೇ ಒಂದು ಭಾಗದಲ್ಲಿ ಕಾಣುವ ಕಮಾನಿನಂಥ ತಗ್ಗು ಕ್ಯೂಪಿಡ್ಸ್ ಬೋ, ಸಹಜ, ಬಿಟ್ಟುಬಿಡಿ. ಒಂದೇ ಕಡೆ ಗುಳಿ ಬಿದ್ದು ಸುತ್ತ ಬಿಳಿ ಅಂಚಿದ್ದರೆ ಅದು ಶ್ಮಾರ್ಲ್ ನೋಡ್.

ಕುಸಿತ ನಿಜ ಎಂದಾದ ಮೇಲೆ ಕ್ಯಾನ್ಸರ್ ಅಲ್ಲ ಎಂದು ಖಚಿತಪಡಿಸಿಕೊಳ್ಳುವುದು ಬಾಕಿ ಇರುತ್ತದೆ. ಆಸ್ಟಿಯೊಪೊರೋಸಿಸ್‌ನ ಕುಸಿತ ಡಿ7–ಡಿ8 ಮತ್ತು ಡಿ11–ಎಲ್1 ಹತ್ತಿರ ಗುಂಪಾಗುತ್ತದೆ. ಡಿ4ಕ್ಕಿಂತ ಮೇಲೆ ಒಂಟಿ ಕುಸಿತ ಕಂಡರೆ ಸಂಶಯಪಡಿ. ಹಿಂಗೋಡೆ ಬೆನ್ನುಹುರಿಯ ಕಾಲುವೆಯೊಳಗೆ ಉಬ್ಬಿ ಬಂದಿದ್ದರೆ, ಎಪಿಯಲ್ಲಿ ಪೆಡಿಕಲ್ (ಮಣಿಯ ದೇಹವನ್ನು ಹಿಂಭಾಗಕ್ಕೆ ಸೇರಿಸುವ ಕಂಬ) ಕಾಣೆಯಾಗಿದ್ದರೆ, ಪಕ್ಕದಲ್ಲಿ ಮೃದು ಅಂಗಾಂಶದ ಗಡ್ಡೆ ಇದ್ದರೆ ಎಂಆರ್‌ಐ ಮಾಡಿಸಲೇಬೇಕು. ಮೈಲೋಮಾದ ತೊಂದರೆ ಏನೆಂದರೆ ಕೆಲವೊಮ್ಮೆ ತೂತುಗಳೇ ಇಲ್ಲದೆ ಬರೀ ಹರಡಿದ ಕಪ್ಪಾಗಿ ಬರುತ್ತದೆ, ಪೆಡಿಕಲ್‌ಗಳೂ ಉಳಿದಿರುತ್ತವೆ. ಅಲ್ಲಿ ಫಿಲ್ಮನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಇಎಸ್‌ಆರ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಸೀರಮ್ ಎಲೆಕ್ಟ್ರೋಫೊರೆಸಿಸ್ ಮತ್ತು ಫ್ರೀ ಲೈಟ್ ಚೈನ್ ಕಳಿಸಿ. ಕುಸಿದ ಮಣಿಯೊಳಗೆ ಅಡ್ಡಡ್ಡವಾಗಿ ಗಾಳಿಯ ಕಪ್ಪು ಸೀಳು ಕಂಡರೆ ಮಾತ್ರ ಸ್ವಲ್ಪ ನಿರಾಳ: ಕೂಡದೆ ಉಳಿದ, ರಕ್ತ ಸಂಚಾರ ತಪ್ಪಿದ ಮುರಿತದಲ್ಲಿ ಅದು ಬರುತ್ತದೆ, ಗಡ್ಡೆಯಲ್ಲೂ ಸೋಂಕಿನಲ್ಲೂ ಅಪರೂಪ.

ಹೊಸದೋ ಹಳೆಯದೋ? ಎಂಡ್‌ಪ್ಲೇಟ್ ಕೆಳಗೆ ಅದುಮಿದ ಟ್ರಾಬೆಕ್ಯುಲಾಗಳ ಬಿಳಿ ಪಟ್ಟಿ, ಮುಂದಿನ ಕಾರ್ಟೆಕ್ಸ್‌ನಲ್ಲಿ ಮೆಟ್ಟಿಲಿನಂಥ ಮುರಿವು ಇದ್ದರೆ ಹೊಸದಿರಬಹುದು. ಹಳೆಯ ಫಿಲ್ಮ್ ಸಿಕ್ಕರೆ ಅದೇ ದೊಡ್ಡ ಸಾಕ್ಷಿ. ಎರಡೂ ಇಲ್ಲದಿದ್ದರೆ ಎಂಆರ್‌ಐ ಸ್ಟಿರ್ ಸೀಕ್ವೆನ್ಸ್‌ನಲ್ಲಿ (ಊತ ಎದ್ದು ಕಾಣಿಸುವ ವಿಧಾನ) ಮಜ್ಜೆಯ ಊತ ಇದೆಯೇ ನೋಡಬೇಕು.

ಪೆಲ್ವಿಸ್ ಫಿಲ್ಮ್ ಇರುವುದರಿಂದ ತೊಡೆಮೂಳೆಯ ಮೇಲ್ತುದಿಯಲ್ಲಿ ಸಿಂಗ್ ಇಂಡೆಕ್ಸ್ (ಟ್ರಾಬೆಕ್ಯುಲಾ ಗುಂಪುಗಳ ಸವೆತಕ್ಕೆ 6ರಿಂದ 1ರವರೆಗಿನ ಗ್ರೇಡ್) ಕೂಡ ನೋಡಬಹುದು. ಮನಮೋಹನ್ ಸಿಂಗ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ್ದು (ಅರ್ಥಶಾಸ್ತ್ರಜ್ಞರಲ್ಲ, ವೈದ್ಯರು!). ಎಲ್ಲ ಗುಂಪಿನ ಟ್ರಾಬೆಕ್ಯುಲಾಗಳೂ ಕಂಡರೆ ಗ್ರೇಡ್ 6. ಮುಖ್ಯ ಟೆನ್ಸೈಲ್ (ಎಳೆತ ತಡೆಯುವ) ಗುಂಪು ಗ್ರೇಟರ್ ಟ್ರೊಕಾಂಟರ್ (ತೊಡೆಮೂಳೆಯ ಹೊರಬದಿಯ ದೊಡ್ಡ ಉಬ್ಬು) ಎದುರು ಕಡಿದುಹೋದರೆ ಗ್ರೇಡ್ 3, ಅಲ್ಲಿಂದ ಕೆಳಗೆ ಆಸ್ಟಿಯೊಪೊರೋಸಿಸ್ ಖಚಿತ ಎಂಬ ಲೆಕ್ಕ. ಮುಖ್ಯ ಕಂಪ್ರೆಸಿವ್ (ಒತ್ತಡ ಹೊರುವ) ಗುಂಪೂ ಸವೆದರೆ ಗ್ರೇಡ್ 1.

ಎಂಡ್‌ಪ್ಲೇಟ್:

ಸಿಂಗ್ ಇಂಡೆಕ್ಸ್ ಬಗ್ಗೆ ನನ್ನದು ತಕರಾರು. ಒಂದೇ ಫಿಲ್ಮಿಗೆ ಇಬ್ಬರು ಬೇರೆ ಬೇರೆ ಗ್ರೇಡ್ ಕೊಡುವುದು ಸಾಮಾನ್ಯ, ಡೆಕ್ಸಾ ಅಂಕಿಯ ಜೊತೆ ಅದರ ಹೊಂದಾಣಿಕೆಯೂ ದುರ್ಬಲ. ಕಾಲು ಹೊರಕ್ಕೆ ತಿರುಗಿದ್ದರೆ ಕತ್ತು ಗಿಡ್ಡವಾಗಿ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಕನಿಷ್ಠ 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆದ ಫಿಲ್ಮ್ ಅಲ್ಲದಿದ್ದರೆ ಗ್ರೇಡ್ ಹಾಕಲೇಬಾರದು. ಓದಲು ಕಲಿಯುವುದಕ್ಕೆ ಒಳ್ಳೆಯ ಸಾಧನ ಹೌದು, ರಿಪೋರ್ಟಿನಲ್ಲಿ ಬರೆಯುವ ಅಂಕಿ ಅಲ್ಲ.

ಅಳೆಯಲೇಬೇಕಿದ್ದರೆ ಕೈಯ ಎಕ್ಸ್-ರೇ ಮೇಲು. ಎರಡನೇ ಮೆಟಕಾರ್ಪಲ್‌ನ (ತೋರುಬೆರಳಿನ ಬುಡದ ಅಂಗೈ ಮೂಳೆ) ನಟ್ಟನಡುವೆ ಎರಡು ಬದಿಯ ಕಾರ್ಟೆಕ್ಸ್ ದಪ್ಪ ಕೂಡಿಸಿ. ಅದು ಮೂಳೆಯ ಒಟ್ಟು ಅಗಲದ ಅರ್ಧದಷ್ಟಾದರೂ ಇರಬೇಕು. ಅಗಲ 8 ಮಿ.ಮೀ. ಇದ್ದು ಎರಡೂ ಕಾರ್ಟೆಕ್ಸ್ ಸೇರಿ 2.5 ಮಿ.ಮೀ. ಮಾತ್ರ ಇದ್ದರೆ ತೆಳುವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೂ ಡೆಕ್ಸಾಕ್ಕೂ ಸಮವಲ್ಲ, ಆದರೆ ಎಕ್ಸ್‌ಪೋಷರ್ ಇದನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಕೈ ಎಕ್ಸ್-ರೇ ಬೇಕಾಗುವುದು ಇನ್ನೂ ದೊಡ್ಡ ಕಾರಣಕ್ಕೆ. ಹೈಪರ್‌ಪ್ಯಾರಾಥೈರಾಯ್ಡಿಸಂ ತನ್ನ ಸಹಿ ಹಾಕುವುದೇ ಅಲ್ಲಿ. ತೋರುಬೆರಳು ಮತ್ತು ನಡುಬೆರಳಿನ ಮಧ್ಯದ ಫ್ಯಾಲಾಂಕ್ಸ್ (ಬೆರಳಿನ ಮೂಳೆ), ಅದರ ರೇಡಿಯಲ್ ಬದಿ, ಅಂದರೆ ಹೆಬ್ಬೆರಳಿನ ಕಡೆಯ ಅಂಚು. ನಯವಾಗಿರಬೇಕಾದ ಕಾರ್ಟೆಕ್ಸ್ ಅಲ್ಲಿ ಒರಟಾಗಿ, ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಈ ಸಬ್‌ಪೆರಿಯಾಸ್ಟಿಯಲ್ (ಮೂಳೆಯ ಹೊರಪೊರೆಯ ಕೆಳಗಿನ) ಸವೆತ ಬೇರೆ ಕಾಯಿಲೆಯಲ್ಲಿ ಬರುವುದಿಲ್ಲವೆಂದೇ ಹೇಳಬೇಕು. ಝೂಮ್ ಮಾಡದೆ ಕಾಣುವುದಿಲ್ಲ. ಬೆರಳ ತುದಿಯ ಟಫ್ಟ್‌ಗಳು ಕರಗಿರುತ್ತವೆ. ಆಮೇಲೆ ಕಾಲರ್‌ಬೋನಿನ ಹೊರತುದಿ, ಸೊಂಟದ ಹಿಂಭಾಗದ ಎಸ್‌ಐ ಕೀಲು ಅಗಲವಾಗಿ ಕಾಣುವುದು, ತಲೆಬುರುಡೆಯಲ್ಲಿ ಉಪ್ಪು-ಮೆಣಸು ಚೆಲ್ಲಿದ ನೋಟ, ಹಲ್ಲಿನ ಬೇರಿನ ಸುತ್ತಲಿನ ಲ್ಯಾಮಿನಾ ಡ್ಯೂರಾ ಮಾಯವಾಗುವುದು. ಬ್ರೌನ್ ಟ್ಯೂಮರ್ (ಇದೇ ಕಾಯಿಲೆಯಿಂದ ಬರುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಸಿಕ್ಕಾಗ ಅದನ್ನು ಜೈಂಟ್ ಸೆಲ್ ಟ್ಯೂಮರ್ ಅಥವಾ ಮೆಟಾಸ್ಟಾಸಿಸ್ ಎಂದು ಬಯಾಪ್ಸಿಗೆ ಕಳಿಸುವ ಮುಂಚೆ ಕ್ಯಾಲ್ಸಿಯಂ, ಪಿಟಿಎಚ್ ನೋಡಿ. ಬಯಾಪ್ಸಿಯಲ್ಲೂ ಜೈಂಟ್ ಸೆಲ್‌ಗಳೇ ಕಾಣುವುದರಿಂದ ಪೆಥಾಲಜಿಯವರಿಗೂ ದಾರಿ ತಪ್ಪುತ್ತದೆ.

ಕಿಡ್ನಿ ಕಾಯಿಲೆಯಿಂದ ಬಂದ ಸೆಕೆಂಡರಿ ಹೈಪರ್‌ಪ್ಯಾರಾದಲ್ಲಿ ಚಿತ್ರ ತಿರುವುಮುರುವು ಆಗಬಹುದು: ಮಣಿಯ ಮೇಲಂಚು ಕೆಳಅಂಚು ಬಿಳಿ, ನಡುವೆ ಕಪ್ಪು. ರಗ್ಗರ್ ಜರ್ಸಿ ಬೆನ್ನೆಲುಬು ಎನ್ನುವುದು ಇದನ್ನೇ. ಆ ಬಿಳಿಯೂ ಗಟ್ಟಿ ಮೂಳೆಯಲ್ಲ, ಮುರಿತ ಆಗುವುದು ಆಗುತ್ತದೆ. ರಕ್ತನಾಳಗಳ ಗೋಡೆಯಲ್ಲಿ, ಕೀಲಿನ ಸುತ್ತ ಸುಣ್ಣ ಕಟ್ಟಿರುವುದನ್ನೂ ಜೊತೆಗೆ ಹುಡುಕಿ. ಇಡೀ ಬೆನ್ನೆಲುಬು ಬೆಳ್ಳಗಾಗಿ, ಲಿಗಮೆಂಟ್‌ಗಳು ಮತ್ತು ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಬರುವುದು), ಬೇರೆ ದಾರಿ.

ಮಣಿಸರ:

ಉಪಯುಕ್ತ. ಈ ಮಾಹಿತಿಯ ನಂತರ ಪೆಲ್ವಿಸ್ ಫಿಲ್ಮನ್ನು ಮತ್ತೆ ನೋಡಿದರೆ: ಎಡ ತೊಡೆಮೂಳೆಯ ಕತ್ತಿನ ಒಳಬದಿಯಲ್ಲಿ, ಕಾರ್ಟೆಕ್ಸ್‌ಗೆ ಲಂಬವಾಗಿ ಸುಮಾರು 3 ಮಿ.ಮೀ. ಅಗಲದ ಕಪ್ಪು ಪಟ್ಟಿ, ಅಂಚು ಮಾಸಲು ಬಿಳಿ. ಬಲಗಡೆ ಅದೇ ಜಾಗದಲ್ಲಿ ಇನ್ನೂ ಮಂದವಾಗಿ ಇದೆ ಅನಿಸುತ್ತದೆ. ಆಲ್ಕಲೈನ್ ಫಾಸ್ಫಟೇಸ್ (ಮೂಳೆಯಿಂದಲೂ ರಕ್ತಕ್ಕೆ ಬರುವ ಒಂದು ಕಿಣ್ವ) ಹೆಚ್ಚಿದೆ. ಮುರಿತದಿಂದಲೂ ಅದು ಏರಬಹುದಲ್ಲವೇ? ಮತ್ತು ಇದು ಲೂಸರ್ ಝೋನ್ (ಆಸ್ಟಿಯೊಮಲೇಸಿಯಾದ ಅರೆಮುರಿತದ ಪಟ್ಟಿ) ಆಗಿದ್ದರೆ, ಬಿಸ್ಫಾಸ್ಫೊನೇಟ್ (ಆಸ್ಟಿಯೊಪೊರೋಸಿಸ್‌ನ ಔಷಧಿ) ತಿಂದವರಲ್ಲಿ ಬರುವ ತೊಡೆಮೂಳೆಯ ಮುರಿತದಿಂದ ಬೇರೆ ಮಾಡುವುದು ಹೇಗೆ?

ಬೆಳವಣಿಗೆತಟ್ಟೆ:

ವಿವರ ಓದಿದರೆ ಲೂಸರ್ ಝೋನ್ ಎಂದೇ ಅನಿಸುತ್ತದೆ. ಎರಡೂ ಕಡೆ ಒಂದೇ ಜಾಗದಲ್ಲಿ ಇರುವುದೇ ಮುಖ್ಯ ಸುಳಿವು. ಇವು ಬರುವ ಜಾಗಗಳೂ ನಿಗದಿ: ತೊಡೆಮೂಳೆಯ ಕತ್ತಿನ ಒಳಬದಿ, ಪ್ಯೂಬಿಕ್ ರೇಮಸ್‌ಗಳು, ಭುಜದ ಹಲಗೆಯ ಹೊರ ಅಂಚು, ಪಕ್ಕೆಲುಬು, ಅಲ್ನಾದ ಮೇಲ್ಭಾಗದ ಹಿಂಬದಿ. ಒಂದು ಸಿಕ್ಕಿದ ಮೇಲೆ ಚೆಸ್ಟ್ ಎಕ್ಸ್-ರೇ ತೆರೆದು ಭುಜದ ಹಲಗೆಯ ಅಂಚನ್ನು ನೋಡುವುದು ಎರಡು ನಿಮಿಷದ ಕೆಲಸ, ಮಾಡುವವರು ಕಡಿಮೆ.

ಬಿಸ್ಫಾಸ್ಫೊನೇಟ್‌ಗೆ ಸಂಬಂಧಿಸಿದ ಮುರಿತ ಇದಕ್ಕೆ ಎದುರುಬದಿಯಲ್ಲಿ ಶುರುವಾಗುತ್ತದೆ: ಲೆಸರ್ ಟ್ರೊಕಾಂಟರ್ (ತೊಡೆಮೂಳೆಯ ಒಳಬದಿಯ ಸಣ್ಣ ಉಬ್ಬು) ಕೆಳಗೆ, ಮೂಳೆಯ ಉದ್ದಭಾಗದ ಹೊರ ಕಾರ್ಟೆಕ್ಸ್‌ನಲ್ಲಿ. ಅಲ್ಲಿ ಕಾರ್ಟೆಕ್ಸ್ ಸ್ಥಳೀಯವಾಗಿ ದಪ್ಪಗಾಗಿ ಕೊಕ್ಕಿನಂತೆ ಉಬ್ಬುತ್ತದೆ, ನಡುವೆ ಅಡ್ಡ ಕಪ್ಪು ಗೆರೆ. ಪೂರ್ಣ ಮುರಿದರೆ ಗೆರೆ ಹೊರಗಡೆಯಿಂದ ಅಡ್ಡಲಾಗಿ ಹೊರಟು ಒಳಬದಿಯಲ್ಲಿ ಮುಳ್ಳಿನಂಥ ಚೂಪು ಬಿಡುತ್ತದೆ, ಚೂರುಚೂರಾಗುವುದಿಲ್ಲ. ಅದೂ ಎರಡೂ ಕಾಲಿನಲ್ಲಿ ಬರಬಹುದು, ಆದ್ದರಿಂದ ಒಂದು ಕಡೆ ಕಂಡರೆ ಇನ್ನೊಂದು ತೊಡೆಯ ಪೂರ್ತಿ ಫಿಲ್ಮ್ ಬೇಕು. ಕತ್ತಿನ ಒಳಬದಿಯಲ್ಲಿ ಒಂಟಿ ಗೆರೆ, ಸುತ್ತ ಟ್ರಾಬೆಕ್ಯುಲಾಗಳು ಚೂಪಾಗಿವೆ, ಓಡುವ ಅಭ್ಯಾಸವಿದೆ ಎಂದಾದರೆ ಸಾಮಾನ್ಯ ಸ್ಟ್ರೆಸ್ ಫ್ರ್ಯಾಕ್ಚರ್ ಕೂಡ ಆಗಿರಬಹುದು.

ಫಾಸ್ಫಟೇಸ್ ವಿಷಯದಲ್ಲಿ ನಿಮ್ಮ ಅನುಮಾನ ಸರಿ, ಮುರಿತದ ನಂತರ ಕೆಲವು ವಾರ ಅದು ಏರಿರುತ್ತದೆ. ಅದಕ್ಕೇ ಒಂದೇ ಅಂಕಿ ನೋಡಬಾರದು. ಕ್ಯಾಲ್ಸಿಯಂ, ಫಾಸ್ಫೇಟ್, ಕ್ರಿಯಾಟಿನಿನ್, 25-ಹೈಡ್ರಾಕ್ಸಿ ವಿಟಮಿನ್ ಡಿ, ಪಿಟಿಎಚ್ ಒಟ್ಟಿಗೆ ಕಳಿಸಿ. ಬರೀ ಆಸ್ಟಿಯೊಪೊರೋಸಿಸ್‌ನಲ್ಲಿ ಇವೆಲ್ಲ ಸಹಜ. ವಿಟಮಿನ್ ಡಿ ಕೊರತೆಯ ಆಸ್ಟಿಯೊಮಲೇಸಿಯಾದಲ್ಲಿ ಫಾಸ್ಫೇಟ್ ಕಡಿಮೆ, ಕ್ಯಾಲ್ಸಿಯಂ ಕಡಿಮೆ ಅಥವಾ ಸಹಜದ ಕೆಳತುದಿ, ಪಿಟಿಎಚ್ ಮತ್ತು ಫಾಸ್ಫಟೇಸ್ ಹೆಚ್ಚು. ಕ್ಯಾಲ್ಸಿಯಂ ಹೆಚ್ಚಿದ್ದು ಪಿಟಿಎಚ್ ಕೂಡ ಹೆಚ್ಚಿದ್ದರೆ ಪ್ರೈಮರಿ ಹೈಪರ್‌ಪ್ಯಾರಾ. ಫಾಸ್ಫೇಟ್ ಏರಿ ಕ್ರಿಯಾಟಿನಿನ್ ಕೂಡ ಏರಿದ್ದರೆ ಕಿಡ್ನಿ. ವಿಟಮಿನ್ ಡಿ ಸರಿಯಿದ್ದು ಫಾಸ್ಫೇಟ್ ಮಾತ್ರ ತಳಕಂಡಿದ್ದರೆ ಮೂತ್ರದಲ್ಲಿ ಅದು ಸೋರುತ್ತಿದೆಯೇ ನೋಡಬೇಕು. ವಯಸ್ಕರಲ್ಲಿ ಎಫ್‌ಜಿಎಫ್23 (ಫಾಸ್ಫೇಟನ್ನು ಮೂತ್ರಕ್ಕೆ ಬಿಡಿಸುವ ಹಾರ್ಮೋನ್) ಸುರಿಸುವ ಸಣ್ಣ ಗಡ್ಡೆಯೊಂದು ಎಲ್ಲೋ ಅಡಗಿರಬಹುದು.

ಬೆನ್ನೆಲುಬಿಗೆ ಬಂದರೆ, ಆಸ್ಟಿಯೊಮಲೇಸಿಯಾದಲ್ಲಿ ಮಣಿಗಳು ಸಾಲಾಗಿ, ಒಂದೇ ಸಮನಾಗಿ, ನಯವಾಗಿ ಮೇಲೂ ಕೆಳಗೂ ತಗ್ಗುತ್ತವೆ. ಆಸ್ಟಿಯೊಪೊರೋಸಿಸ್‌ನಲ್ಲಿ ಒಂದು ಕುಸಿದು ಪಕ್ಕದ್ದು ಸರಿ ಇರುತ್ತದೆ. ನಿಮ್ಮ ಒಂಟಿ ಡಿ12 ವೆಡ್ಜ್ ಎರಡನೆಯ ಗುಂಪಿನದು. ಅಂದರೆ ಇವರಲ್ಲಿ ಎರಡೂ ಇರಬಹುದು, ಈ ವಯಸ್ಸಿನಲ್ಲಿ ಅದು ಅಪರೂಪವಲ್ಲ. ಕ್ರಮ ಮಾತ್ರ ತಪ್ಪಬಾರದು: ವಿಟಮಿನ್ ಡಿ, ಕ್ಯಾಲ್ಸಿಯಂ ಸರಿಪಡಿಸದೆ ಬಿಸ್ಫಾಸ್ಫೊನೇಟ್ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಡೆಕ್ಸಾ ಮಾಡಿಸುವುದಾದರೂ ಇದು ನೆನಪಿರಲಿ: ಆಸ್ಟಿಯೊಮಲೇಸಿಯಾದಲ್ಲೂ ಟಿ-ಸ್ಕೋರ್ (ಡೆಕ್ಸಾ ಕೊಡುವ ಸಾಂದ್ರತೆಯ ಅಂಕಿ) ‑2.5ಕ್ಕಿಂತ ಕೆಳಗೆ ಇಳಿಯುತ್ತದೆ, ಯಂತ್ರಕ್ಕೆ ಕಾರಣ ಗೊತ್ತಾಗುವುದಿಲ್ಲ.

ಮಕ್ಕಳಲ್ಲಿ ಇದೇ ಕಾಯಿಲೆ ರಿಕೆಟ್ಸ್. ನೋಡುವ ಜಾಗ ಮಣಿಕಟ್ಟು ಮತ್ತು ಮಂಡಿ, ಏಕೆಂದರೆ ಬೆಳವಣಿಗೆ ಅಲ್ಲಿ ವೇಗ. ಮೆಟಾಫೈಸಿಸ್ (ಬೆಳವಣಿಗೆ ತಟ್ಟೆಗೆ ತಾಗಿದ ಮೂಳೆಯ ಭಾಗ) ತುದಿಯ ತೆಳು ಬಿಳಿ ಗೆರೆ ಮೊದಲು ಅಳಿಸುತ್ತದೆ, ಫೈಸಿಸ್ (ಬೆಳವಣಿಗೆ ತಟ್ಟೆ) ಅಗಲವಾಗುತ್ತದೆ, ಆಮೇಲೆ ತುದಿ ಬಟ್ಟಲಾಗಿ, ಕುಂಚದಂತೆ ಸಿಬಿರೆದ್ದು, ಬದಿಗೆ ಹರಡುತ್ತದೆ. ಹಸುಗೂಸಿನ ಅಲ್ನಾದ ತುದಿ ಸಹಜವಾಗಿಯೇ ತುಸು ಬಟ್ಟಲಾಗಿರುತ್ತದೆ, ಅದೊಂದನ್ನೇ ಹಿಡಿದು ರಿಕೆಟ್ಸ್ ಎನ್ನಬೇಡಿ, ರೇಡಿಯಸ್ ನೋಡಿ. ಔಷಧಿ ಶುರುವಾಗಿ 2–3 ವಾರಕ್ಕೆ ಆ ಬಿಳಿ ಗೆರೆ ಮರಳಬೇಕು. ಮರಳದಿದ್ದರೆ ಔಷಧಿ ತಲುಪುತ್ತಿಲ್ಲ ಅಥವಾ ಇದು ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಅಲ್ಲ. ಚಿತ್ರ ರಿಕೆಟ್ಸ್‌ನಂತಿದ್ದು ಫಾಸ್ಫಟೇಸ್ ಕಡಿಮೆ ಬಂದರೆ ಹೈಪೊಫಾಸ್ಫಟೇಸಿಯಾ (ಆ ಕಿಣ್ವದ ಆನುವಂಶಿಕ ಕೊರತೆ). ಅಲ್ಲಿ ವಿಟಮಿನ್ ಡಿ ಸುರಿದರೆ ಹಾನಿ. ಸ್ಕರ್ವಿಯಲ್ಲಿ (ವಿಟಮಿನ್ ಸಿ ಕೊರತೆ) ಉಲ್ಟಾ, ಮೆಟಾಫೈಸಿಸ್‌ನ ಗೆರೆ ದಟ್ಟ ಬಿಳಿಯಾಗಿ ಅದರ ಕೆಳಗೆ ಕಪ್ಪು ಪಟ್ಟಿ ಇರುತ್ತದೆ.

ಕಪ್ಪುಬಿಳುಪು:

ಮಣಿಸರ ಅವರೇ, ಎಡಗಡೆಯ ಪಟ್ಟಿ ಕತ್ತಿನ ಅರ್ಧ ಅಗಲ ದಾಟಿದೆಯೇ ಎಂದು ಇವತ್ತೇ ಅಳೆಯಿರಿ. ದಾಟಿದ್ದರೆ ಭಾರ ಹಾಕದಂತೆ ಹೇಳಿ ಆರ್ಥೋದವರಿಗೆ ತೋರಿಸಿ, ಪೂರ್ಣ ಮುರಿದು ಜರುಗಬಹುದು. ದಾಟಿರದಿದ್ದರೂ ಎಂಆರ್‌ಐ ಮಾಡಿಸುವುದು ಒಳ್ಳೆಯದು. ರಿಪೋರ್ಟಿನ ಸಾಲಿಗೆ ನನ್ನ ಸಲಹೆ: ‘ಡಿ12ರಲ್ಲಿ ಸುಮಾರು 30% ಎತ್ತರ ಇಳಿದ ವೆಡ್ಜ್ ಕುಸಿತ, ಜೆನಾಂಟ್ ಗ್ರೇಡ್ 2, ಹಿಂಗೋಡೆ, ಪೆಡಿಕಲ್‌ಗಳು ಸರಿಯಿವೆ. ಎರಡೂ ತೊಡೆಮೂಳೆಯ ಕತ್ತಿನ ಒಳಬದಿಯಲ್ಲಿ ಲೂಸರ್ ಝೋನ್ ಸಂಶಯ. ಆಸ್ಟಿಯೊಮಲೇಸಿಯಾ ಪರೀಕ್ಷೆಗಳು ಅಗತ್ಯ.’ ಹಿಂಗೋಡೆ ಮತ್ತು ಪೆಡಿಕಲ್‌ಗಳನ್ನು ನೋಡಿ ಖಚಿತಪಡಿಸಿಕೊಂಡ ಮೇಲೆ ಮಾತ್ರ ಆ ಭಾಗ ಬರೆಯಿರಿ.